ನಾಲ್ಕು ಡಿಸ್ಕಿಗೂ ಕುಂಕುಮ

ಹೆಬ್ಬಾಳದ ಫ್ಲೈಓವರ್ ಮೇಲಿನ ಟ್ರಾಫಿಕ್ಕು ಯಾರಿಗೂ ದಾರಿ ಬಿಡುವುದಿಲ್ಲ, ನನಗೆ ಬಿಡುತ್ತದೆ. ಯಶವಂತಪುರದಿಂದ ಚಿಕ್ಕಜಾಲದವರೆಗೆ, ನಾನು ಮುಟ್ಟಿದ ಮೇಲೂ ಮಲಗಿಯೇ ಇದ್ದ ಸರ್ವರ್ ಒಂದೂ ಇಲ್ಲ. ಕೆಲವಂತೂ ನನ್ನ ಸ್ಕೂಟರಿನ ಸದ್ದು ಕೇಳಿಯೇ ಎದ್ದು ಕೂತಿವೆ. ಹಾಗಾಗಿ ಆಯುಧಪೂಜೆ ಕಳೆದ ವಾರ ಆರ್.ಟಿ. ನಗರದ ಸ್ಟುಡಿಯೋದಿಂದ ಮುರುಗೇಶ್ ಫೋನ್ ಮಾಡಿ, "ಭೀಮರಾಜ್, ಬೇಗ ಬಾ ಮಚ್ಚಾ, ಸರ್ವರ್ ಕಿರುಚ್ಕೊಳ್ತಿದೆ" ಎಂದಾಗ, ಅವನು ಫೋನ್ ಇಡುವ ಮೊದಲೇ ನಾನು ಸಂಜಯನಗರದಿಂದ ಅಲ್ಲಿಗೆ ತಲುಪಿದ್ದೆ.

ಯಾವುದೋ ಆಫೀಸು ಬೇಡವೆಂದು ಮಾರಿದ ಸರ್ವರ್ ಅದು. ಕೆಂಪೇಗೌಡರ ಕೋಟೆಯ ಕಲ್ಲಿನ ಲೆಕ್ಕವೂ ಅದರೊಳಗೇ ಇರಬೇಕು, ಅಷ್ಟು ಹಳೆಯದು. ಮೇಜಿನ ಕೆಳಗಿನ ಕತ್ತಲಲ್ಲಿ ಕೂತು ಕೀಂ ಕೀಂ ಎನ್ನುತ್ತಿತ್ತು. ಚಿಕ್ಕಜಾಲದ ಮೋನಿಷಾಳ ಮದುವೆಯ ವಿಡಿಯೋ ಇದ್ದದ್ದು ಅದರಲ್ಲಿ ಮಾತ್ರ. ಕ್ಯಾಮೆರಾದ ಕಾರ್ಡುಗಳನ್ನು ಮುರುಗೇಶ್ ಇನ್ನೊಂದು ಮದುವೆಗೆಂದು ಆಗಲೇ ಅಳಿಸಿಬಿಟ್ಟಿದ್ದ.

"ಇವತ್ತೇ ಹುಡುಗಿ ಅಜ್ಜಿ ಸೊಣ್ಣಮ್ಮ ನೋಡೋಕೆ ಬರ್ತಿದಾರೆ ಕಣೋ. ವಿಡಿಯೋ ಹೋದ್ರೆ ನಾನು ಅಂಗಡಿ ಮುಚ್ಚಿ ಊರ್ ಬಿಡ್ಬೇಕು."

"ಇದರೊಳಗಿರೋ ನಾಲ್ಕು ಡಿಸ್ಕು ಅಂದ್ರೆ ಪಲ್ಲಕ್ಕಿ ಹೊರೋ ನಾಲ್ಕ್ ಜನ ಇದ್ದಂಗೆ ಗುರು," ಎಂದೆ. "ಒಬ್ಬ ಬಿದ್ರೆ ಮೂವರು ಹೆಂಗೋ ಹೊರ್ತಾರೆ. ಇನ್ನೊಬ್ಬ ಜಾರಿದ್ರೆ ದೇವರು ಚರಂಡಿಗೆ. ಬಿದ್ದೋನ್ ಯಾರು ಅಂತ ಗೊತ್ತಾಗ್ಬೇಕು, ಅಷ್ಟೇ. ಸರಿಯಿರೋ ಡಿಸ್ಕಿನ ದೀಪ ಹಸಿರು."

ಬಗ್ಗಿ ನೋಡಿದೆ. ನಾಲ್ಕರ ಮೇಲೂ ಕೆಂಪು! ನನ್ನ ಕಣ್ಣು ಎಂದೂ ತಪ್ಪಿದ್ದಿಲ್ಲ. ಎದ್ದು ಗಂಭೀರವಾಗಿ ಘೋಷಿಸಿದೆ: "ನಾಲ್ಕೂ ಸತ್ತಿವೆ."

ಮುರುಗೇಶ್ ಕುರ್ಚಿಗೆ ಕುಸಿದ. ಆಚೆ ಮೇಜಿನಲ್ಲಿ ಎಡಿಟಿಂಗ್ ಮಾಡುತ್ತಿದ್ದ ಅವನ ಹೆಂಡತಿ ರಮಾ ಮಾತ್ರ ತನ್ನ ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ಸೊಣ್ಣಮ್ಮ ಸೆರಗು ಕಟ್ಟಿ ತಮಟೆಯ ಏಟಿಗೆ ಕುಣಿಯುತ್ತಿದ್ದರು.

"ಭೀಮಣ್ಣ, ನಾಲ್ಕೂ ಸತ್ತಿದ್ರೆ ಈ ಅಜ್ಜಿ ಎಲ್ಲಿಂದ ಕುಣೀತಿದಾರೆ?"

"ಅದು ಡಿಸ್ಕುಗಳ ಕೊನೆಯುಸಿರಮ್ಮ," ಎಂದೆ.

ಅವಳು ಮೊಬೈಲಿನ ಟಾರ್ಚ್ ಹಿಡಿದು ಬಗ್ಗಿದಳು. ನಕ್ಕು ನಕ್ಕು ಅಲ್ಲೇ ನೆಲಕ್ಕೆ ಕೂತಳು. "ಅಯ್ಯೋ, ಅದು ನನ್ ಕುಂಕುಮ ಕಣ್ರೀ! ಪೂಜೆ ದಿನ ನಾಲ್ಕಕ್ಕೂ ಒಂದೊಂದ್ ಬೊಟ್ಟಿಟ್ಟೆ. ಮಿಣಮಿಣ ಅನ್ನೋ ಜಾಗವೇ ಹಣೆ ಅನ್ಕೊಂಡೆ."

ನನಗದು ಮೊದಲೇ ಗೊತ್ತಿತ್ತು. ಅವರಿಗೆ ಗೊತ್ತಿದೆಯೋ ಇಲ್ಲವೋ ಎಂದು ನೋಡಿದ್ದೆ.

ಕಿವಿಗೆ ಹಾಕುವ ಹತ್ತಿಯ ಬಡ್ಸ್ ತರಿಸಿ, ನೀರು ಮುಟ್ಟಿಸದೆ ಮೆಲ್ಲಗೆ ಒರೆಸಿದೆ. ಮೊದಲನೆಯದು ಹಸಿರು, ಎರಡನೆಯದೂ ಹಸಿರು, ಮೂರನೆಯದೂ. ನಾಲ್ಕನೆಯದರಲ್ಲಿ ಕೆಂಪು ಹೋಯಿತು, ಹಳದಿ ಉಳಿಯಿತು.

"ಅರಿಶಿನಾನೂ ಹಚ್ಚಿದ್ಯಾ?" ಎಂದು ಗಸಗಸ ಉಜ್ಜಿದೆ.

"ಅರಿಶಿನ ಹಚ್ಚಿಲ್ಲ ಭೀಮಣ್ಣ. ಸಾಕು ಬಿಡಿ, ಲೈಟೇ ಕಿತ್ಕೊಂಡ್ ಬರತ್ತೆ."

ಹಳದಿ ಬೆಳಕು ಕೆಟ್ಟ ಡಿಸ್ಕಿನ ಗುರುತು. ಬಿದ್ದವನು ಸಿಕ್ಕಿದ.

"ಕಿತ್ತಾಕು ಮಗಾ!" ಎಂದು ಮುರುಗೇಶ್ ತಾನೇ ಕೈ ಹಾಕಲು ಬಂದ. ತಡೆದೆ. ಮೊದಲು ಮದುವೆಯನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಬೇಕು, ಆಮೇಲೆ ಬೇರೆ ಮಾತು. ರಮಾಳ ವಿಡಿಯೋವನ್ನೂ ನಿಲ್ಲಿಸಿದೆ; ಮೂವರೇ ಹೊರುತ್ತಿರುವ ಪಲ್ಲಕ್ಕಿಯ ಮೇಲೆ ಕುಣಿತ ಬೇಡ.

ಕಾಪಿ ಆಮೆಯಂತೆ ಸಾಗಿತು. ಅರ್ಧವಾಗಿದ್ದಾಗ ಸೊಣ್ಣಮ್ಮ ಬಂದೇಬಿಟ್ಟರು. "ಏನ್ರಪ್ಪಾ, ನನ್ ಕುಣ್ತ ಐತೋ ಓಯ್ತೋ? ಯಾಕಿಂಗೆ ಎಣ ಕಾಯೋರಂಗೆ ಕುಂತೀರಿ?"

ರಮಾ ಅಜ್ಜಿಗೆ ಕಾಫಿ ಕೊಟ್ಟು ಕೂರಿಸಿದಳು. ಕಾಪಿ ಮುಗಿಯಿತು. ಹೊರಗಿನ ಡಿಸ್ಕಿನಿಂದ ವಿಡಿಯೋ ಹಾಕಿದೆ. ತಮಟೆ ಬಡಿಯಿತು, ಅಜ್ಜಿ ತಮ್ಮನ್ನೇ ನೋಡಿಕೊಂಡು ಚಪ್ಪಾಳೆ ತಟ್ಟಿದರು. ಆಗ ಮುರುಗೇಶ್ ಬಿಟ್ಟ ನಿಟ್ಟುಸಿರಿಗೆ ಆರ್.ಟಿ. ನಗರದ ಮರಗಳೆಲ್ಲ ಬಾಗಿದವು. ಅದೇ ಗಾಳಿಯಲ್ಲಿ ನಾಲ್ಕನೆಯದನ್ನು ಹೊರಗೆಳೆದು, ನನ್ನ ಬ್ಯಾಗಿನಲ್ಲಿದ್ದ ಹೊಸ ಡಿಸ್ಕನ್ನು ಒಳಗೆ ತಳ್ಳಿದೆ. ಅದರ ಹಸಿರು ದೀಪ ಮಿನುಗಿತು; ಉಳಿದ ಮೂವರಿಂದ ಅದು ತನ್ನ ಪಾಲಿನ ಭಾರ ಹೊರಲು ಕಲಿಯತೊಡಗಿತು.

ಸೊಣ್ಣಮ್ಮ ಬಗ್ಗಿ ನೋಡಿದರು. "ಒಸಾದು ಬರೀ ಅಣೇಲೈತಲ್ಲ! ಕುಂಕುಮ ತತ್ತಾರವ್ವ."

"ಬೇಡ ಅಜ್ಜೀ!" ಮೂವರೂ ಒಟ್ಟಿಗೆ ಕೂಗಿದೆವು.

ಆದರೆ ಅವರ ಬೆರಳು ಆಗಲೇ ಮೇಜಿನ ಮೇಲಿದ್ದ ಕುಂಕುಮದ ಭರಣಿಗೆ ಇಳಿದಿತ್ತು. ರಮಾ ಆ ಕೈಯನ್ನು ಮೆಲ್ಲನೆ ನನ್ನ ಹಣೆಯ ಕಡೆ ತಿರುಗಿಸಿದಳು.

"ಇಲ್ಲಿಡಿ ಅಜ್ಜಿ. ಇಲ್ಲಿ ಮುಚ್ಚಿಹೋಗೋಕೆ ಯಾವ್ ಲೈಟೂ ಇಲ್ಲ."