ಎರಡು ಗುಲಾಬಿ

ನನ್ನ ಮದುವೆ ಗೊತ್ತಾದಾಗ ನನಗಿದ್ದದ್ದು ಒಂದೇ ಚಿಂತೆ: ತುಳಸಿಯನ್ನು ಎಲ್ಲಿಂದ ಹುಡುಕಿ ತರುವುದು? ಯಶವಂತನಗರದಲ್ಲಿ ಅಕ್ಕಪಕ್ಕದ ಮನೆಯಲ್ಲಿ ಬೆಳೆದವರು ನಾವು. ಒಬ್ಬಳ ಮದುವೆಗೆ ಇನ್ನೊಬ್ಬಳು ಅರಿಶಿಣ ಹಚ್ಚಲು ಬರಲೇಬೇಕೆಂದು ಆಣೆ ಹಾಕಿಕೊಂಡಿದ್ದೆವು. ಅಪ್ಪ ಗಣಿ ಕೆಲಸ ಬಿಟ್ಟು ಹೊಸಪೇಟೆಗೆ ಬಂದ. ಮರುವರ್ಷ ಹೋಗಿ ನೋಡಿದರೆ ತುಳಸಿಯ ಮನೆಗೂ ಬೀಗ. ಎಲ್ಲಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ.

ಆಗ ಇಂಟರ್ನೆಟ್ಟಿನಲ್ಲಿ ಗೆಳೆಯರನ್ನು ಹುಡುಕಲು ಆರ್ಕುಟ್ ಇದ್ದ ಕಾಲ. ದೊಡ್ಡಪ್ಪನ ಮಗ ಹಾಲೇಶಣ್ಣ ಸೈಬರ್ ಕೆಫೆಯೊಂದರಲ್ಲಿ ಕೆಲಸಕ್ಕಿದ್ದ. ಈಗ ಆರ್ಕುಟ್ಟೂ ಇಲ್ಲ, ಕೆಫೆಯ ಜಾಗದಲ್ಲಿ ಬೇಕರಿ ಇದೆ. ಅದರ ಮುಂದೆ ಹಾದಾಗಲೆಲ್ಲ ಒಮ್ಮೆ ಒಳಗೆ ಇಣುಕುತ್ತೇನೆ.

ನಾನು ಕೆಫೆಗೆ ಹೋಗುವುದೆಂದರೆ ಅಮ್ಮನಿಗೆ ಮೈ ಉರಿಯುತ್ತಿತ್ತು. “ಮದುವಿ ಗೊತ್ತಾದ ಹುಡುಗಿ. ನಿನ್ನ ಫೋಟೋ ಕಂಡೋರ ಕೈಗೆ ಸಿಕ್ಕರ ಗತಿ ಏನು?” ಎಂದು ದಿನಾ ಅದೇ ರಾಗ. ಹೀಗಾಗಿ ನಾನು ಗುಲಾಬಿಯ ಚಿತ್ರ ಹಾಕಿ, ತ್ರಿವೇಣಿ ಎಂಬ ಹೆಸರನ್ನು ಪಿಂಕಿ ಮಾಡಿಕೊಂಡಿದ್ದೆ. ನಾನೊಬ್ಬಳೇ ಅಲ್ಲ, ನಮ್ಮೂರ ಹುಡುಗಿಯರೆಲ್ಲ ಅಲ್ಲಿ ಹೂವು, ಗೊಂಬೆ, ಚಿಟ್ಟೆ. ಮುಖ ಮುಚ್ಚಿಕೊಂಡು ಗೆಳತಿಯನ್ನು ಹುಡುಕಲು ಹೊರಟ ನನ್ನ ಜಾಣತನಕ್ಕೆ ಏನನ್ನಬೇಕೋ.

ಹೊಸಪೇಟೆಯವರ ಗುಂಪಿನಲ್ಲಿ ಇನ್ನೊಂದು ಗುಲಾಬಿ ಇತ್ತು. ಸಿನಿಮಾದಿಂದ ಹಿಡಿದು ಮಂಡಕ್ಕಿ ಒಗ್ಗರಣೆಯವರೆಗೆ ತಿಂಗಳುಗಟ್ಟಲೆ ಜಗಳವಾಡಿದ್ದೆವು. ಒಂದು ದಿನ ಗಣಿ ಧೂಳಿನ ಮಾತು ಬಂದಾಗ ಅದು ಕೇಳಿತು: “ನೀವು ಯಶವಂತನಗರದ ಗಣಿ ಕಂಪನಿ ಬಸ್ಸಿನಾಗ ಸಂಡೂರು ಸಾಲಿಗೆ ಹೋಗ್ತಿದ್ರೇನು?”

ಹಾಲೇಶಣ್ಣನನ್ನು ಕರೆದೆ. ಯಾವನೋ ನನ್ನ ಜಾತಕ ಜಾಲಾಡಿದ್ದಾನೆ, ಅಕೌಂಟನ್ನೇ ಅಳಿಸಿಬಿಡು ಎಂದೆ. ಹಾಲೇಶಣ್ಣ ನಕ್ಕ.

“ಹೆದರಿ ಓಡಿದ್ರ ಏನು ಕಲತಂಗಾತು? ಹೆಸರು, ಫೋನ್ ನಂಬರ್ ಬರಿಬ್ಯಾಡ, ಇಲ್ಲಿ ಬರದದ್ದು ಊರೆಲ್ಲ ಓದ್ತೈತಿ. ನಿಮ್ಮ ಬಸ್ಸಿನ ಹುಡುಗೇರಿಗಷ್ಟೇ ಗೊತ್ತಿರೋದು ಏನರ ಕೇಳು.”

“ಜಡಿ ರಿಬ್ಬನ್ ಎಲ್ಲಿ ಇಡ್ತಿದ್ವಿ?” ಎಂದು ಬರೆದೆ. ಅದಿರಿನ ಧೂಳಿಗೆ ಬಿಳಿ ರಿಬ್ಬನ್ ಕೆಂಪಾಗಿ ಟೀಚರ್ ಬೈಯುತ್ತಿದ್ದರು. ಅದಕ್ಕೆ ನಾನೂ ತುಳಸಿಯೂ ಬಿಚ್ಚಿಟ್ಟುಕೊಂಡು ಹೋಗಿ, ಶಾಲೆಯ ಗೇಟಿನಲ್ಲಿ ಒಬ್ಬರಿಗೊಬ್ಬರು ಕಟ್ಟುತ್ತಿದ್ದೆವು.

ಮರುದಿನ ಉತ್ತರ ಬಂದಿತ್ತು: “ಊಟದ ಡಬ್ಬಿಯಾಗ. ನಿನ್ನ ರಿಬ್ಬನ್ನಿಗೆ ಯಾವಾಗ್ಲೂ ಉಪ್ಪಿನಕಾಯಿ ವಾಸನಿ. ಎಲ್ಲಿದ್ದೀಯೇ?”

ಕೆಫೆಯಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ. ವಿಳಾಸವನ್ನು ಮೇಲ್‌ನಲ್ಲಿ ಕೇಳಿಕೊಂಡೆ. ತುಳಸಿ ಇದ್ದದ್ದು ಕಂಪ್ಲಿಯಲ್ಲಿ, ಒಂದು ತಾಸಿನ ಬಸ್ ದಾರಿ.

ಅರಿಶಿಣದ ದಿನ ಅವಳು ಬಂದಳು. ಕೆನ್ನೆಗಿಂತ ಮೂಗಿಗೇ ಹೆಚ್ಚು ಹಚ್ಚಿದಳು. ನನಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಲಿಲ್ಲ. ಅಮ್ಮ ಅವಳನ್ನು ತಬ್ಬಿಕೊಂಡು, ಊಟಕ್ಕೆ ಕೂರಿಸಿ, ಆಮೇಲೆ ನಮ್ಮಿಬ್ಬರನ್ನೇ ನೋಡುತ್ತ ಕೂತಳು.

ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ಅಮ್ಮನೇ ನನ್ನನ್ನು ಕೆಫೆಗೆ ಕರೆದುಕೊಂಡು ಹೋದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತಳು.

“ನನ್ನ ತವರು ಬುಕ್ಕಸಾಗರದಾಗ ನನ್ನ ಗೆಳತಿ ದ್ಯಾಮಕ್ಕ ಅಂತಿದ್ಲು. ನನ್ನ ಮದುವ್ಯಾದ ಮ್ಯಾಲೆ ನೋಡೇ ಇಲ್ಲ. ಅವರ ಮನಿಯೋರೂ ಊರು ಬಿಟ್ರಂತ. ಆಕೀನ ಹುಡುಕು, ಹಾಲೇಶ.”

ದ್ಯಾಮಕ್ಕನಿಗೆ ಓದುಬರಹ ಬರುವುದಿಲ್ಲವೆಂದು ಅಮ್ಮನೇ ಎಷ್ಟೋ ಸಲ ಹೇಳಿದ್ದಳು. ಆದರೂ ಹಾಲೇಶಣ್ಣ ಹೆಸರು ಹೊಡೆದ. ಯಾವ ದ್ಯಾಮಕ್ಕನೂ ಬರಲಿಲ್ಲ.

“ಹಂಗಾರ ನನ್ನ ಫೋಟೋನರ ಹಾಕು. ಆಕೀಗೆ ನನ್ನ ಗುರ್ತು ಹತ್ತಬೇಕಲ್ಲ,” ಎಂದಳು ಅಮ್ಮ.

ಹಾಲೇಶಣ್ಣ ಕಂಪ್ಯೂಟರಿನ ಮೇಲಿದ್ದ ಕ್ಯಾಮೆರಾವನ್ನು ಅವಳತ್ತ ತಿರುಗಿಸಿದ. ಅಮ್ಮ ಸೆರಗು ಸರಿಸಿ ಮುಖ ಒರೆಸಿಕೊಂಡಳು.