ಜೌಗಿನ ಅಂಚಿನ ಹಲಗೆ

ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಯ ಕೊನೆಯ ದಿನ. ಉತ್ತರದ ಯೆಮ್ಟ್‌ಲ್ಯಾಂಡ್ ಸೀಮೆಯ ಕಾಡಿಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಎವರ್ಟ್ ಮಾತ್ರ ಕಾಲು ಸುಟ್ಟ ಬೆಕ್ಕಿನ ಹಾಗೆ ಒದ್ದಾಡುತ್ತಿದ್ದ. ಹೆಪ್ಪುಗಟ್ಟಿದ ಜೌಗಿನ ಅಂಚಿನಲ್ಲಿ ಬೇಟೆಗೆ ಕಾದು ಕೂರುವ ಆ ಹಲಗೆ ಒಬ್ಬರಿಗಷ್ಟೇ ಸಾಲುವಂಥದ್ದು. ಹಿಂದೆ ಅವನ ಅಪ್ಪ ಕೂರುತ್ತಿದ್ದ ಜಾಗ. ಅಲ್ಲಿ ಕೂತವನು ಅಲ್ಲಾಡದೆ ಮೂಸನ್ನು ಅಟ್ಟಿ ತರುವ ನಾಯಿ ಬೊಗಳುವುದಕ್ಕೆ ಕಿವಿಗೊಡಬೇಕು. ಎವರ್ಟನ ಕಿವಿಗಳೋ, ಹೋದ ಚಳಿಗಾಲವೇ ಕೈಕೊಟ್ಟಿದ್ದವು. ಎದುರಿಗಿದ್ದವರ ಬಾಯಿ ನೋಡಿ ಮಾತು ಹಿಡಿಯುತ್ತ ಹೇಗೋ ಮುಚ್ಚಿಟ್ಟಿದ್ದ. ಕೆಪ್ಪನೆಂದು ಗೊತ್ತಾದರೆ ಹಲಗೆ ಬೇರೆಯವರ ಪಾಲು, ತನಗೆ ಗುಡಿಸಲಲ್ಲಿ ಕಾಫಿ ಕಾಯಿಸುವ ಕೆಲಸ. ಎಪ್ಪತ್ನಾಲ್ಕನೇ ವಯಸ್ಸಿಗೆ ಅದಕ್ಕಿಂತ ಅವಮಾನ ಇನ್ನೇನಿದೆ?

ಎಡಕ್ಕೆ, ಬಲಕ್ಕೆ, ಹಿಂದಕ್ಕೆ ತಿರುಗಿ ತಿರುಗಿ ಕತ್ತು ನೋಯುತ್ತಿತ್ತು. ಈ ವರ್ಷ ಹೊಡೆಯಲು ಅನುಮತಿಯಿದ್ದುದರಲ್ಲಿ ತಂಡದ ಪಾಲಿಗೆ ಉಳಿದಿದ್ದು ಒಂದೇ ಒಂದು ಮೂಸ್ ಮರಿ. ಅಪ್ಪಿತಪ್ಪಿ ಎರಡನೆಯದನ್ನು ಹೊಡೆದರೆ ಆಮೇಲೆ ಊರಲ್ಲಿ ತಲೆ ಎತ್ತುವಂತಿರಲಿಲ್ಲ.

ಎದೆಯ ಮೇಲಿನ ವಾಕಿಟಾಕಿಯ ಹಸಿರು ದೀಪ ಮಿನುಗಿತು. ಅಂದರೆ ಯಾರೋ ಮಾತಾಡುತ್ತಿದ್ದರು. ಮತ್ತೆ ಮಿನುಗಿತು, ಮತ್ತೊಮ್ಮೆ. 'ಮರಿ ಬಿತ್ತು, ಬಂದೂಕು ಇಳಿಸಿ' ಅಂದರೋ, 'ನಿನ್ನ ಕಡೆ ಬರ್ತಿದೆ, ಹೊಡಿ' ಅಂದರೋ? ಕೇಳಬಹುದಿತ್ತು. ಉತ್ತರ ಕಿವಿಗೆ ಬೀಳಬೇಕಲ್ಲ!

ಅಷ್ಟರಲ್ಲಿ ಮರಗಳ ನಡುವಿನಿಂದ ಕುದುರೆಗಿಂತ ಎತ್ತರದ ತಾಯಿ ಮೂಸ್ ಹೊರಬಂತು, ಹಿಂದೆ ಮರಿ. ಅರವತ್ತೇ ಹೆಜ್ಜೆ. ಮರಿ ಪಕ್ಕೆ ತೋರಿಸಿಕೊಂಡು ನಿಂತಿತು. ಇಂಥ ಅವಕಾಶ ಕಳೆದುಕೊಂಡವರನ್ನು ಎವರ್ಟ್ ತಾನೇ ವರ್ಷಗಟ್ಟಲೆ ಆಡಿಕೊಂಡಿದ್ದ. ಬೆರಳು ಟ್ರಿಗರಿಗೆ ಹೋಯಿತು. ದೀಪ ಮತ್ತೆ ಮಿನುಗಿತು. ಆ ದೀಪದ ಮೇಲೆ, ತನ್ನ ಕಿವಿಗಳ ಮೇಲೆ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬಂದೂಕು ಇಳಿಸಿದ. ಎರಡೂ ಜೌಗು ದಾಟಿ ಹೋದವು.

ಪಕ್ಕದ ಹಲಗೆಯಿಂದ ತಮ್ಮನ ಮಗಳು ಗುನ್ವೊರ್ ಹಿಮ ತುಳಿಯುತ್ತ ಬಂದಳು. ತಂಡಕ್ಕೆ ಅವಳೇ ಯಜಮಾನಿ. ಕೈ ಬೀಸುವ ರೀತಿಯಲ್ಲೇ ಬೈಗುಳ ಗೊತ್ತಾಗುತ್ತಿತ್ತು.

"ಯಾಕ್ ಹೊಡೀಲಿಲ್ಲ ದೊಡ್ಡಪ್ಪಾ? ನಿನ್ ಕಡೆ ಬರ್ತಿದೆ, ಹೊಡಿ ಹೊಡಿ ಅಂತ ಗಂಟ್ಲು ಹರ್ಕೊಂಡ್ನಲ್ಲ!"

ಬ್ಯಾಟರಿ ಸತ್ತಿತ್ತು ಅಂದುಬಿಡಬಹುದಿತ್ತು. ದರಿದ್ರ ದೀಪ ಇನ್ನೂ ಉರಿಯುತ್ತಿತ್ತು.

"ನಂಗೆ ಕಿವಿ ಕೇಳ್ಸಲ್ಲ ಕಣೇ. ನಮ್ ಪಾಲಿನ್ ಮರಿ ಆಗ್ಲೇ ಬೇರೆ ಕಡೆ ಬಿದ್ದಿದ್ಯೋ ಏನೋ ಗೊತ್ತಾಗ್ಲಿಲ್ಲ. ಅದಕ್ಕೇ ಬಿಟ್ಟೆ." ಗುಂಡು ತೆಗೆದು ಬಂದೂಕನ್ನು ಅವಳ ಕೈಗಿಟ್ಟ.

ಗುನ್ವೊರ್ ಬಂದೂಕನ್ನು ಹೆಗಲಿಗೇರಿಸಿದಳು. ಆಮೇಲೆ ಅವನ ಕಿವಿಗೇ ಬಾಯಿಟ್ಟು ಕೂಗಿದಳು: "ಹೋದ್ವಾರ ಗುಡಿಸ್ಲಲ್ಲಿ ಕಾಫಿ ಕೆಟಲ್ಲು ನಿನ್ ಪಕ್ಕದಲ್ಲೇ ಸಿಳ್ಳೆ ಹೊಡ್ದು ಹೊಡ್ದು ನೀರೆಲ್ಲ ಆರಿ ಒಣಗೋಯ್ತು. ಆಗ್ಲೇ ಅನುಮಾನ ಬರ್ಬೇಕಿತ್ತು ನಂಗೆ. ನಿಂಗೆ ಕಾಫಿ ಕೆಲ್ಸ ಕೊಟ್ರೆ ಗುಡಿಸ್ಲೇ ಸುಟ್ಟು ಹೋಗುತ್ತೆ. ಆ ಕಡೆ ಸರ್ಕೋ, ಕಿವಿ ನಂದು, ಬಂದೂಕು ನಿಂದು!"

ಒಬ್ಬರ ಹಲಗೆಯಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಇರುಕಿಕೊಂಡು ಕೂತರು. ಗುಂಡು ತುಂಬಿದ ಬಂದೂಕು ಮತ್ತೆ ಅವನ ತೊಡೆಯ ಮೇಲೆ ಬಂತು. ನಾಯಿ ಇನ್ನೂ ಕಾಡಿನಲ್ಲಿತ್ತು. ಬೆಳಕು ಒಂದು ಗಂಟೆ ಉಳಿದಿತ್ತು. ಎವರ್ಟನ ಕತ್ತು ಬೆಳಗಿನಿಂದ ಮೊದಲ ಸಲ ಸುಮ್ಮನಾಯಿತು.

ಸ್ವಲ್ಪ ಹೊತ್ತಿಗೆ ಗುನ್ವೊರಳ ಮೊಣಕೈ ಅವನ ಪಕ್ಕೆಗೆ ಜೋರಾಗಿ ತಿವಿಯಿತು.