ಬಾಯಿ ತೆಗೆಸಿ ನೋಡದ ದಿನ

"ಮಿಸ್ ವರ್ಲೀನ್, ಹಸಿರು ದೀಪ ಬಂತು. ನಿಮಗೆ ಮೂರು ನಿಮಿಷ," ಎಂದರು ಸಮಿತಿಯ ಅಧ್ಯಕ್ಷ ಹಾಲ್‌ಸ್ಟೆಡ್.

ವರ್ಲೀನ್ ಮೈಕಿನ ಕತ್ತನ್ನು ತನ್ನೆಡೆಗೆ ಬಗ್ಗಿಸಿಕೊಂಡಳು. ಎದುರಿನ ಉದ್ದ ಮೇಜಿನ ಹಿಂದೆ ಕೂತಿದ್ದ ಹನ್ನೊಂದು ಮಂದಿ ಶಾಸಕರ ನಾಲಿಗೆಯ ರುಚಿ ಅವಳಿಗೆ ಗೊತ್ತು. ಶಾಸನಸಭೆಯ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಡಿಸುತ್ತಿದ್ದಾಳೆ. ಹಾಲ್‌ಸ್ಟೆಡ್ ಅವರಿಗೆ ಬಿಸ್ಕೆಟ್ ರೊಟ್ಟಿಯ ಮೇಲೆ ಎರಡು ಸೌಟು ಗ್ರೇವಿ ಬೇಕು. ಡಾಕ್ಟರು ಅದನ್ನು ಬಿಡಿಸಿದ್ದಾರೆ ಎಂಬುದೂ ಅವಳಿಗೆ ಗೊತ್ತು. ಅವರಿಗೆ ಗೊತ್ತಿದ್ದುದು ಅವಳ ಸೌಟು ಮಾತ್ರ. ಇವತ್ತು ಏಪ್ರನ್ ಕಳಚಿಟ್ಟು, ಭಾನುವಾರ ಚರ್ಚಿಗೆ ಹಾಕುವ ನೇರಳೆ ಟೋಪಿ ಹಾಕಿಕೊಂಡು ಬಂದವಳನ್ನು ಗುರುತಿಸಲಾರದೆ ಇಬ್ಬರು ಕಣ್ಣು ಕಿರಿದು ಮಾಡಿಕೊಂಡಿದ್ದರು.

ಮಸೂದೆ ಒಳ್ಳೆಯದೇ. ಶಿಕ್ಷೆಯಾಗಿ ಎಷ್ಟು ವರ್ಷ ಕಳೆದಿದ್ದರೂ, ಹಳೆಯ ಸಾಕ್ಷ್ಯದ ಡಿಎನ್‌ಎ ಪರೀಕ್ಷೆ ಮಾಡಿಸಿ ಎಂದು ಕೈದಿ ಕೋರ್ಟನ್ನು ಕೇಳಬಹುದು. ಆದರೆ ಮೂರನೆಯ ಪುಟದಲ್ಲಿ ಒಂದು ಸಾಲಿತ್ತು: ತಪ್ಪೊಪ್ಪಿಕೊಂಡವರಿಗೆ ಈ ಹಕ್ಕಿಲ್ಲ. ವರ್ಲೀನಳ ಮಗ ಡೆಲ್‌ರಾಯ್ ತಪ್ಪೊಪ್ಪಿಕೊಂಡವನು. ಪೆಟ್ರೋಲ್ ಬಂಕಿನ ಮಾಲೀಕನ ಕೊಲೆ. ಕೊಂದವನು ಓಡುವಾಗ ಬೀಳಿಸಿಕೊಂಡ ಟೋಪಿ ಇಪ್ಪತ್ತೆರಡು ವರ್ಷಗಳಿಂದ ಕೋರ್ಟಿನ ಪೆಟ್ಟಿಗೆಯೊಂದರಲ್ಲಿ ಬಿದ್ದಿದೆ. ಅದರ ಒಳಪಟ್ಟಿಗೆ ಅಂಟಿದ ಬೆವರು ಯಾರದೆಂದು ಯಾರೂ ನೋಡಿಲ್ಲ. ಆ ಸಾಲನ್ನು ಹೊಡೆದುಹಾಕಿ ಎಂದು ಶಾಸಕಿ ಗ್ರೇಡಿ ತಿದ್ದುಪಡಿ ತಂದಿದ್ದರು. ಸಾಲು ಉಳಿದರೆ ಡೆಲ್‌ರಾಯ್ ಜೈಲಿನಲ್ಲೇ ಮುದುಕನಾಗುತ್ತಾನೆ.

"ನೀವು ಶುರು ಮಾಡೋ ಮುಂಚೆ ಒಂದು ಮಾತು ಕೇಳಿಬಿಡ್ತೀನಿ," ಹಾಲ್‌ಸ್ಟೆಡ್ ಕನ್ನಡಕ ಮೇಲೇರಿಸಿದರು. "ಮಾಡದೆ ಇರೋ ಕೊಲೇನ ಯಾರಾದ್ರೂ ಮಾಡಿದೆ ಅಂತ ಒಪ್ಕೋತಾರಾ? ನಾನಂತೂ ಒಪ್ಕೊಳ್ಳಲ್ಲ."

ವಕೀಲರು ಬರೆದುಕೊಟ್ಟ ಕಾಗದ ವರ್ಲೀನಳ ಚೀಲದಲ್ಲಿತ್ತು. ಅವಳು ಚೀಲದ ಬಾಯಿ ಮುಚ್ಚಿದಳು.

"ನಿಮ್ಮನ್ನ ಬೆಳೆಸಿದ್ದು ನಾನಲ್ಲವಲ್ಲ, ಸ್ವಾಮಿ."

ಹಿಂದಿನ ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು.

"ನೀವಿಲ್ಲಿ ಕಾಯ್ದೆ ಮಾಡ್ತೀರಿ. ನನ್ನ ಮನೇಲೂ ಒಂದಿತ್ತು. ನಮ್ಮಕ್ಕನ ಮಕ್ಕಳೂ ಸೇರಿ ಆರು ಜನ. ಯಾರು 'ನಾನೇ ಮಾಡಿದ್ದು' ಅಂತ ಒಪ್ಕೋತಾರೋ ಅವರಿಗೆ ಏಟಿಲ್ಲ. ಯಾರೂ ಒಪ್ಪದಿದ್ರೆ ಆರು ಜನಕ್ಕೂ ಬೆಲ್ಟು. ಒಂದು ಭಾನುವಾರ ಪಾದ್ರಿಗಳು ಊಟಕ್ಕೆ ಬರೋರಿದ್ರು. ಊಟದ ಮೇಲೆ ಸಿಹಿಗೆ ಅಂತ ಪೀಚ್ ಹಣ್ಣಿನ ಕಾಬ್ಲರ್ ಬೇಯಿಸಿ ಕಿಟಕಿ ಹತ್ರ ಆರೋಕೆ ಇಟ್ಟಿದ್ದೆ. ಬಂದು ನೋಡ್ತೀನಿ, ನಟ್ಟನಡುವೆ ಒಂದು ಬಾವಿ! ಬೆಲ್ಟು ಕೈಗೆ ತಗೊಂಡೆ. ನನ್ನ ಡೆಲ್‌ರಾಯ್, ಒಂಬತ್ತು ವರ್ಷದವನು, ಮುಂದೆ ಬಂದು 'ನಾನೇ ತಿಂದೆ' ಅಂದ. ಬೇರೆ ದಿನ ಆಗಿದ್ರೆ ಬಾಯಿ ತೆಗೆಸಿ ನೋಡ್ತಿದ್ದೆ. ಒಪ್ಕೊಂಡ ಮೇಲೆ ಇನ್ನೇನು ನೋಡೋದು ಅಂತ ಬಿಟ್ಟೆ. ಸಂಜೆ ಮೈ ಕಾದು ಮಲಗಿದ. ಗಂಟಲು ಎಷ್ಟು ಬಾತಿತ್ತು ಅಂದ್ರೆ ಬೆಳಗಿಂದ ನೀರೂ ಇಳಿದಿರಲಿಲ್ಲ ಅವನಿಗೆ. ಕಾಬ್ಲರ್ ತಿಂದವರು ಯಾರು ಅಂತ ಇವತ್ತಿಗೂ..."

"ನಾನು! ನಾನೇ ತಿಂದಿದ್ದು, ಅಮ್ಮಾ!"

ಕೊನೆಯ ಬೆಂಚಿನಲ್ಲಿ ಅವಳ ಮಗಳು ನೆಟ್ಟಿ, ಅಂಚೆ ಕಚೇರಿಯ ಸಮವಸ್ತ್ರದಲ್ಲೇ ಬಂದವಳು, ಮೂವತ್ತೊಂಬತ್ತರ ಹೆಂಗಸು, ಶಾಲೆಯ ಮಗುವಿನಂತೆ ಕೈ ಎತ್ತಿ ನಿಂತಿದ್ದಳು. ಇಡೀ ಕೋಣೆ ನಕ್ಕಿತು. ಹಾಲ್‌ಸ್ಟೆಡ್ ಸುತ್ತಿಗೆ ಕುಟ್ಟಿದರು. "ಕೂತ್ಕೊಳಮ್ಮಾ. ಕಾಬ್ಲರ್ ಕಳ್ಳತನ ಈ ಸಮಿತಿ ವ್ಯಾಪ್ತಿಗೆ ಬರಲ್ಲ."

ವರ್ಲೀನ್ ನಗಲಿಲ್ಲ. ಹಳದಿ ದೀಪ ಹತ್ತಿತ್ತು. ಮುಂದಿನ ಮಾತನ್ನು ಅವಳು ಇಪ್ಪತ್ತೆರಡು ವರ್ಷ ಯಾರೆದುರೂ ಆಡಿರಲಿಲ್ಲ, ಪ್ರಾರ್ಥನೆಯಲ್ಲಿ ಕೂಡ. ಆಡಿದರೆ ಉಸಿರು ಕಟ್ಟುತ್ತದೆ ಎಂದೇ ನಂಬಿದ್ದಳು.

"ಕೇಸು ನಡೆಸಿ ಸೋತ್ರೆ ವಿಷದ ಸೂಜಿ, ಒಪ್ಕೊಂಡ್ರೆ ಜೀವ ಉಳಿಯುತ್ತೆ ಅಂದ್ರು ವಕೀಲರು. ಹತ್ತೊಂಬತ್ತರ ಹುಡುಗ ನನ್ನ ಮುಖ ನೋಡ್ದ. 'ಒಪ್ಕೊ ಮಗಾ' ಅಂದವಳು ನಾನು. ಒಪ್ಕೊಂಡ್ರೆ ಏಟಿಲ್ಲ ಅಂತ ಅವನಿಗೆ ಕಲಿಸಿದವಳೂ ನಾನೇ. ಅವತ್ತು ಒಪ್ಕೊಂಡ ಅಂತ ನಾನು ಬಾಯಿ ನೋಡ್ಲಿಲ್ಲ. ಆಮೇಲೆ ಒಪ್ಕೊಂಡ ಅಂತ ಕೋರ್ಟಿನವರು ಪೆಟ್ಟಿಗೆ ತೆಗೀಲಿಲ್ಲ. ನನ್ನ ಕಾಯ್ದೆ ಸರಿಯಿರಲಿಲ್ಲ ಸ್ವಾಮಿ. ನೀವು ಅದನ್ನೇ ರಾಜ್ಯಕ್ಕೆಲ್ಲ ಮಾಡ್ಬೇಡಿ. ಒಂದ್ಸಲ ನೋಡಿ. ನಾನು ಕೇಳೋದು ಅಷ್ಟೇ."

ಉಸಿರು ಕಟ್ಟಲಿಲ್ಲ. ಕೆಂಪು ದೀಪ ಬರುವ ಮೊದಲೇ ಮಾತು ಮುಗಿದಿತ್ತು.

ಗುಮಾಸ್ತೆ ಒಂದೊಂದೇ ಹೆಸರು ಕರೆದಳು. ಸಾಲನ್ನು ಹೊಡೆದುಹಾಕಲು ಎಂಟು, ಉಳಿಸಲು ಮೂರು. ಆ ಮೂವರಲ್ಲಿ ಹಾಲ್‌ಸ್ಟೆಡ್ ಒಬ್ಬರು.

ಹೊರಗೆ ಅಮೃತಶಿಲೆಯ ಮೊಗಸಾಲೆಯಲ್ಲಿ ನೆಟ್ಟಿ ತಾಯಿಯನ್ನು ಎತ್ತಿ ಸುತ್ತಿಸಿದಳು. ನೇರಳೆ ಟೋಪಿ ಉರುಳಿ ಹೋಯಿತು.

"ಇಳಿಸೇ ನನ್ನ! ಮೂವತ್ತೆರಡು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲೇ ಕಳ್ಳಿ!"

"ಬೆಲ್ಟು ಇನ್ನೂ ನಿನ್ನ ಬೀರುವಲ್ಲೇ ಇದೆಯಲ್ಲಮ್ಮ!"

ಮಾರನೆಯ ಬೆಳಿಗ್ಗೆ ಹಾಲ್‌ಸ್ಟೆಡ್ ಎಂದಿನಂತೆ ತಟ್ಟೆ ಹಿಡಿದು ಸಾಲಿನಲ್ಲಿ ಬಂದರು. ತಟ್ಟೆಯನ್ನು ಮಾತ್ರ ತುಸು ದೂರದಲ್ಲೇ ಹಿಡಿದಿದ್ದರು.

"ಇವತ್ತು ಗ್ರೇವಿ ತಲೆ ಮೇಲೆ ಬೀಳುತ್ತೇನೋ ಅಂದ್ಕೊಂಡೆ."

"ನೋಡ್ಬೇಕು."

ಅವರು ಹಿಂದಿದ್ದವರಿಗೆ ಕೇಳದಂತೆ ಬಗ್ಗಿದರು. "ನಿನ್ನೆಯ ಓಟು... ತಪ್ಪು ಮಾಡ್ದೆ ಅನ್ಸುತ್ತೆ, ಮಿಸ್ ವರ್ಲೀನ್."

ವರ್ಲೀನ್ ಅವರ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಎರಡು ಸೌಟು ತುಂಬಾ ಬಡಿಸಿದಳು. "ಒಪ್ಕೊಂಡ್ರಲ್ಲ, ಏಟಿಲ್ಲ ಬಿಡಿ. ಆದ್ರೆ ಸದನದ ಓಟಿನ ದಿನ ನಿಮ್ಮ ಕೈ ಯಾವ ಗುಂಡಿ ಮೇಲಿರುತ್ತೆ ಅಂತ ನಾನು ಮೇಲೆ ಕೂತು ನೋಡ್ತಿರ್ತೀನಿ."

ಮೂರು ವಾರಗಳ ನಂತರ ಮಸೂದೆ ಸದನಕ್ಕೆ ಬಂದಾಗ ಅವಳು ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದಳು. ಹಾಲ್‌ಸ್ಟೆಡ್ ಒತ್ತಿದ್ದು ಹಸಿರು ಗುಂಡಿ. ಗೋಡೆಯ ಮೇಲಿನ ಹಲಗೆಯ ತುಂಬ ಹಸಿರು ಚುಕ್ಕೆಗಳು ಹತ್ತಿಕೊಂಡವು. ಮೇ ತಿಂಗಳಲ್ಲಿ ಗವರ್ನರ್ ಸಹಿ ಬಿತ್ತು. ಹೊಸ ಕಾಯ್ದೆಯಡಿ ಆ ಜಿಲ್ಲೆಗೆ ಬಂದ ಮೊದಲ ಅರ್ಜಿ ಡೆಲ್‌ರಾಯನದು. ಪೆಟ್ಟಿಗೆ ತೆರೆಯಲು ನ್ಯಾಯಾಧೀಶರು ಆದೇಶ ಕೊಟ್ಟರು.

ಆಗಸ್ಟಿನ ಒಂದು ಶನಿವಾರ ಮಧ್ಯಾಹ್ನ ಜೈಲಿನಿಂದ ಫೋನ್ ಬಂತು. ವರ್ಲೀನ್ ಅಡುಗೆಮನೆಯಲ್ಲಿ ಪೀಚ್ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದಳು. ಒದ್ದೆ ಕೈಯಲ್ಲೇ ಎತ್ತಿಕೊಂಡಳು.

"ಇವತ್ತು ನರ್ಸ್ ಬಂದಿದ್ರಮ್ಮ," ಡೆಲ್‌ರಾಯನ ದನಿ ಅವಸರದಲ್ಲಿತ್ತು. "ಟೋಪಿ ಜೊತೆ ಹೋಲಿಸಿ ನೋಡೋಕಂತೆ. ಒಂದು ಹತ್ತಿ ಕಡ್ಡಿ ಹಿಡ್ಕೊಂಡು, ಬಾಯಿ ತೆಗಿ ಅಂದ್ರು."

"ತೆಗೆದ್ಯಾ?"

"ಹೇಗೆ ತೆಗ್ದೆ ಅಂತೀಯ! ಸಾಕಪ್ಪಾ, ಒಳಗೆ ಹೃದಯಾನೇ ಕಾಣ್ತಿದೆ ಅಂದ್ರು." ಅವನು ನಗತೊಡಗಿದ. ಆ ನಗು ಅವಳಿಗೆ ಮರೆತೇ ಹೋಗಿದ್ದ ನಗು. "ಮೊದಲು ಬಲಗೆನ್ನೆ, ಆಮೇಲೆ ಎಡಗೆನ್ನೆ. ಹೀಗೆ, ನಿಧಾನವಾಗಿ..."

ವರ್ಲೀನ್ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳುತ್ತಾ ನಿಂತಿದ್ದಳು. ಮಗುವಿಗೆ ತುತ್ತು ಇಡುವ ತಾಯಿಯ ಬಾಯಿಯಂತೆ, ಅವಳ ಬಾಯಿಯೂ ತೆರೆದುಕೊಂಡಿತ್ತು.